ಚೂರಿನ ಲೆಕ್ಕ

ಶಹಾಬಾದದ ಖಣಿಯಲ್ಲಿ ನನ್ನದು ಬರೆಯುವ ಕೆಲಸ.
ಎರಡು ಬೈ ಎರಡು, ಎರಡು ಬೈ ಮೂರು,
ಪಾಲಿಶ್ ಆದದ್ದು, ಆಗದ್ದು, ಮೂಲೆ ಮುರಿದದ್ದು.
ಮೂಲೆ ಮುರಿದದ್ದಕ್ಕೂ ನನ್ನ ರಿಜಿಸ್ಟರಿನಲ್ಲಿ ಒಂದು ಮನೆಯಿದೆ:
ಅರ್ಧ ರೇಟು.
ಚೂರಿಗೆ ಮನೆಯಿಲ್ಲ.
ಚೂರು ಗುಡ್ಡವಾಗುತ್ತದೆ, ಗುಡ್ಡದ ಮೇಲೆ ಜಾಲಿ ಏಳುತ್ತದೆ,
ಜಾಲಿಯ ನೆರಳಿಗೆ ಮಸ್ತಾನಸಾಬ ಬುತ್ತಿ ಬಿಚ್ಚುತ್ತಾನೆ.
ಅಷ್ಟೇ ಅದರ ಜಮಾ.

ಭಾಗಿ, ಫರಸಿ ಹೊರುವವಳ ಮಗಳು, ಆರನೇ ಕ್ಲಾಸು,
ಲಾರಿ ತೂಗುವ ಕಾಟಾದ ಅಂಚಿಗೆ ಕೂತು ಕಾಲಾಡಿಸುತ್ತ ಕೇಳಿದಳು:
"ಮುನಶಿ ಕಾಕಾ, ಕ್ಷುದ್ರಗ್ರಹ ಅಂದ್ರ
ಒಡದ ಗ್ರಹದ ಚೂರೇನ್ರಿ?"

ಹೌದು ಅಂದುಬಿಟ್ಟೆ.
ಎದುರಿಗೇ ಗುಡ್ಡವಿತ್ತು, ಹೋಲಿಕೆ ಸಲೀಸಾಗಿತ್ತು.
ರಾತ್ರಿ ಅವಳದೇ ಪುಸ್ತಕ ಇಸಕೊಂಡು ಓದಿದೆ.
ತಪ್ಪು ಹೇಳಿದ್ದೆ.
ಮಂಗಳಕ್ಕೂ ಗುರುವಿಗೂ ನಡುವಿನ ಆ ಬಯಲಲ್ಲಿ
ಒಡೆಯಲಿಕ್ಕೆ ಗ್ರಹವೇ ಆಗಿರಲಿಲ್ಲ.

ಮರುದಿನ ತಿದ್ದಲು ಹುಡುಕಿದರೆ
ಸೈಡಿಂಗಿನ ಹಳಿಯ ಪಕ್ಕ
ಚೂರಿನ ಮೇಲೆ ಚೂರಿಡುತ್ತಿದ್ದಳು.
ಏಳು. ಎಂಟು. ಒಂಬತ್ತನೆಯದಕ್ಕೆ ಉಸಿರು ಹಿಡಿದಳು.
ವಾಡಿಯ ಕಡೆಯಿಂದ ಸಿಮೆಂಟಿನ ಗೂಡ್ಸು ಬಂತು.
ಗಾಡಿ ಅವಳ ಗೋಪುರವನ್ನು ಮುಟ್ಟಲಿಲ್ಲ;
ನೆಲ ನಡುಗಿತು.
"ನೋಡ್ರಿ, ಮತ್ತ ಬಿತ್ತು!
ಒಂಬತ್ತಕ್ಕ ಬಂದಾಗೆಲ್ಲಾ ಬರ್ತದ ಇದು."

ಗುರು, ಅಂದೆ.
"ಯಾರ್ರಿ?"
ಗುರುಗ್ರಹ. ಅದು ಹಾಯುವಾಗೆಲ್ಲ ಜಗ್ಗುತ್ತದೆ,
ಕೂಡಬೇಕಾದವು ಕೂಡದೆ ಒಂದಕ್ಕೊಂದು ಡಿಕ್ಕಿ ಹೊಡೆಯುತ್ತವೆ.
ನಿನ್ನ ಗೋಪುರ ಒಡೆದದ್ದಲ್ಲ ಭಾಗಿ,
ಆಗಗೊಡಲಿಲ್ಲ.
ನಿನ್ನೆ ನಾನು ಹೇಳಿದ್ದನ್ನು ಅಳಿಸು.

ಅವಳು ಅಳಿಸಲಿಲ್ಲ, ಇನ್ನೊಂದು ಕೇಳಿದಳು:
ಗ್ರಹ ದುಂಡಗ್ಯಾಕ, ಇವು ಬಟಾಟಿಯಂಗ ಯಾಕ?
ತನ್ನ ಭಾರ ತನ್ನನ್ನೇ ಅದುಮಿ ದುಂಡಗೆ ಮಾಡಬೇಕು, ಅಂದೆ,
ಅಷ್ಟು ಭಾರ ಇವಕ್ಕಿಲ್ಲ.
ಎಲ್ಲ ಕೂಡಿಸಿ ಉಂಡೆ ಕಟ್ಟಿದರೂ
ನಮ್ಮ ಚಂದ್ರನ ಪಕ್ಕ ಅದೊಂದು ಸಣ್ಣ ತುತ್ತು.
ಆದರೂ ಸೂರ್ಯನ ಸುತ್ತ ನಾವು ಹೋಗುವ ಕಡೆಗೇ ಹೋಗುತ್ತವೆ.
ಗ್ರಹಗಳು ಬೆಳೆಯುತ್ತ ಕಾದು, ಕರಗಿ,
ತಮ್ಮ ಬಾಲ್ಯ ಮರೆತವು.
ಈ ಚೂರುಗಳಲ್ಲಿ ಕೆಲವು ಕರಗಲೇ ಇಲ್ಲ.
ಮೊದಲ ದಿನದ ಧೂಳು ಅವುಗಳ ಹತ್ತಿರ ಹಾಗೇ ಇದೆ.

ಹೇಳದೇ ಉಳಿಸಿಕೊಂಡದ್ದೊಂದಿದೆ.
ಸೆರೆಸ್ ಎಂಬುದು ಮೊದಲು ಕಂಡಾಗ
ಗ್ರಹದ ಮನೆಯಲ್ಲೇ ಬರೆದುಕೊಂಡರಂತೆ.
ನೆರೆಯವರು ಒಬ್ಬೊಬ್ಬರೇ ಸಿಗತೊಡಗಿದ ಮೇಲೆ
ಗೀಟೆಳೆದು ಕೆಳಗಿಳಿಸಿದರು;
ಬಹಳ ವರ್ಷಗಳ ಮೇಲೆ ಕುಬ್ಜಗ್ರಹ ಎಂದು
ಹೊಸ ಮನೆ ಕೊರೆದು ಕೊಟ್ಟರು.
ಆ ಗೀಟು ನನಗೆ ಗೊತ್ತು. ಕೆಂಪು ಶಾಯಿ, ಮರದ ಪಟ್ಟಿ,
ಕೈ ನಡುಗಬಾರದು.
ಸೆರೆಸ್‌ಗೆ ಮಾತ್ರ ಯಾವ ಸುದ್ದಿಯೂ ಮುಟ್ಟಲಿಲ್ಲ,
ನಾಲ್ಕೂವರೆ ವರ್ಷಕ್ಕೊಂದು ಸುತ್ತು, ಆಗಲೂ, ಈಗಲೂ.

ಸಂಜೆ ಕೊನೆಯ ಲಾರಿ ಇಳಿದ ಮೇಲೆ
ಭಾಗಿ ಕಾಟಾದ ಮೇಲೆ ಒಂದು ಚೂರಿಟ್ಟಳು.
ಕಿಟಕಿಯೊಳಗಿನ ಕೆಂಪು ಅಂಕಿ: ಸೊನ್ನೆ.
ಇನ್ನೊಂದು. ಸೊನ್ನೆ.
ಲಂಗದ ಉಡಿಯಲ್ಲಿ ತಂದು ಸುರಿದಳು. ಸೊನ್ನೆ.
ಮಸ್ತಾನಸಾಬ ನಗುತ್ತ ತನ್ನ ಬೊಗಸೆಯನ್ನೂ ಸೇರಿಸಿದ.
ಟಕ್ ಎಂದು ಬಂತು, ಹತ್ತು ಕಿಲೋ.
"ಬರಕೋರಿ ಕಾಕಾ!"

ರಿಜಿಸ್ಟರು ಬಿಚ್ಚಿದೆ. ಯಾವ ಮನೆ?
ಪೆನ್ನು ಹಿಡಿದು ಕೂತಿದ್ದಾಗ ಗೂಡ್ಸು ಹಾಯಿತು.
ಮೇಜು ಅದುರಿತು, ಅಂಕಿಯೂ ಅದುರಿತು:
ಹತ್ತು, ಸೊನ್ನೆ, ಹತ್ತು, ಸೊನ್ನೆ, ಹತ್ತು.